ಪತ್ರಗಳ ಒಳಹರಿವು, ಹೊರಹರಿವು, ಮಟ್ಟ: ಗ್ರಾಮ ಪಂಚಾಯಿತಿಯ ಇ-ಮೇಲ್ ನಿರ್ವಹಣೆಯಲ್ಲಿ ಸದಸ್ಯರ ಪಾತ್ರ



ಮಳೆಗಾಲದಲ್ಲಿ ನಮ್ಮ ಭಾಗದ ಜನರು ದಿನಪತ್ರಿಕೆ ಬಿಡಿಸಿದೊಡನೆ ಹುಡುಕುವುದು ಲಿಂಗನಮಕ್ಕಿ ಜಲಾಶಯದ ಅಂಕಿಗಳನ್ನು. ಗರಿಷ್ಠ ಮಟ್ಟ 1819 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಎಂಜಿನಿಯರಿಂಗ್ ಓದದವರಿಗೂ ಈ ಅಂಕಿಗಳಿಂದ ಜಲಾಶಯದ ಸ್ಥಿತಿ ಅರ್ಥವಾಗುತ್ತದೆ. ಗ್ರಾಮ ಪಂಚಾಯಿತಿಗೆ ಬರುವ ಪತ್ರಗಳ ಸ್ಥಿತಿಯೂ ಇಷ್ಟೇ ಸರಳವಾಗಿ ಸದಸ್ಯರಿಗೆ ತಿಳಿಯುವಂತಿರಬೇಕು. ಎಷ್ಟು ಬಂದವು, ಎಷ್ಟು ವಿಲೇವಾರಿಯಾದವು, ಎಷ್ಟು ಉಳಿದಿವೆ ಎಂಬುದನ್ನು ತಿಂಗಳಿಗೊಮ್ಮೆ ಸಭೆಯಲ್ಲಿ ಕೇಳಿ ತಿಳಿಯುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಇ-ಮೇಲ್ ತೆರೆಯುವುದು ಸಿಬ್ಬಂದಿಯ ಕೆಲಸ, ಅದರಲ್ಲಿ ಸದಸ್ಯರಿಗೇನು ಪಾತ್ರ ಎಂಬ ಪ್ರಶ್ನೆ ಸಹಜವಾದುದು. ಮೇಲಿನ ಕಚೇರಿಯ ಪತ್ರಕ್ಕೆ ಉತ್ತರ ತಡವಾದರೆ ನೆನಪೋಲೆ ಬರುತ್ತದೆ, ದೂರವಾಣಿ ಕರೆ ಬರುತ್ತದೆ, ಪ್ರಗತಿ ಪರಿಶೀಲನಾ ಸಭೆಯಲ್ಲಿ ವಿವರಣೆ ಕೇಳಲಾಗುತ್ತದೆ. ನಲ್ಲಿ ಸಂಪರ್ಕಕ್ಕೆ ಅರ್ಜಿ ಕೊಟ್ಟ ಕೂಲಿಕಾರ ಮಹಿಳೆಯು ನೆನಪೋಲೆ ಬರೆಯುವುದಿಲ್ಲ. ಆದುದರಿಂದ ಕೆಲಸದ ಒತ್ತಡ ಹೆಚ್ಚಿದಾಗ ಮೊದಲು ಹಿಂದೆ ಬೀಳುವುದು ಅವಳ ಅರ್ಜಿಯೇ. ನೆನಪೋಲೆ ಬರೆಯಲಾಗದವರ ಪರವಾಗಿ ನೆನಪಿಸಬೇಕಾದವರು ಚುನಾಯಿತ ಸದಸ್ಯರು.

1. ರಾಶಿ ಬೆಳೆಯುವ ಬಗೆ

ಇಂದು ಪಂಚಾಯಿತಿಗೆ ಪತ್ರಗಳು ನಾಲ್ಕು ಬಾಗಿಲುಗಳಿಂದ ಬರುತ್ತವೆ: ಖುದ್ದಾಗಿ ಹಾಗೂ ಅಂಚೆಯ ಮೂಲಕ ಬರುವ ಟಪಾಲು, ಕಚೇರಿಯ ಇ-ಮೇಲ್, ಪಂಚತಂತ್ರ, ಇ-ಸ್ವತ್ತು, ಸಕಾಲ ಮುಂತಾದ ತಂತ್ರಾಂಶಗಳ ಲಾಗಿನ್, ವಾಟ್ಸ್ಆ್ಯಪ್ ಗುಂಪುಗಳು. ಅನೇಕ ವೇಳೆ ಒಂದೇ ಸುತ್ತೋಲೆಯು ಇ-ಮೇಲ್‌ನಲ್ಲಿಯೂ ವಾಟ್ಸ್ಆ್ಯಪ್‌ನಲ್ಲಿಯೂ ಬಂದು, ಬಳಿಕ ಅದರ ನೆನಪೋಲೆಯೂ ಬರುತ್ತದೆ. ಪತ್ರ ಒಂದೇ ಆದರೂ ಎಣಿಕೆಯಲ್ಲಿ ಮೂರಾಗುತ್ತದೆ.

ಇದಕ್ಕೆ ಪ್ರತಿ ಕಳುಹಿಸುವ ಪದ್ಧತಿಯೂ ಕಾರಣ. ಇ-ಮೇಲ್‌ನಲ್ಲಿ ಕಾಣುವ ‘ಸಿಸಿ’ ಎಂಬ ಸಂಕೇತವು ಕಾರ್ಬನ್ ಕಾಪಿ ಎಂಬುದರ ಹ್ರಸ್ವರೂಪ. ಬೆರಳಚ್ಚು ಯಂತ್ರದ ಕಾಲದಲ್ಲಿ ಮಸಿಹಾಳೆ ಇಟ್ಟು ಒಮ್ಮೆಗೆ ನಾಲ್ಕೈದು ಪ್ರತಿಗಳನ್ನಷ್ಟೇ ತೆಗೆಯಲಾಗುತ್ತಿತ್ತು. ಈಗ ಒಂದೇ ಗುಂಡಿ ಒತ್ತಿದರೆ ತಾಲ್ಲೂಕಿನ ಎಲ್ಲ ಪಂಚಾಯಿತಿಗಳಿಗೂ ಪ್ರತಿ ತಲುಪುತ್ತದೆ. ಕಳುಹಿಸುವವರ ಶ್ರಮ ಇಲ್ಲವೆನ್ನುವಷ್ಟು ಇಳಿದಿದೆ. ಓದುವವರ ಶ್ರಮ ಹಾಗೆಯೇ ಉಳಿದಿದೆ.

ಸಣ್ಣ ಲೆಕ್ಕವೊಂದನ್ನು ಗಮನಿಸಿರಿ. ದಿನಕ್ಕೆ 40 ಪತ್ರಗಳು ಬಂದು 36 ವಿಲೇವಾರಿಯಾದವೆಂದು ಭಾವಿಸೋಣ. ಮೇಲ್ನೋಟಕ್ಕೆ ಇದು ಉತ್ತಮ ಸಾಧನೆ. ಆದರೆ ದಿನಕ್ಕೆ ನಾಲ್ಕರಂತೆ 25 ಕೆಲಸದ ದಿನಗಳಲ್ಲಿ 100, ವರ್ಷಕ್ಕೆ 1200 ಪತ್ರಗಳು ಉಳಿಯುತ್ತವೆ. ಇ-ಮೇಲ್ ಪೆಟ್ಟಿಗೆಯು ಒಮ್ಮೆಲೇ ತುಂಬುವುದಿಲ್ಲ. ಹೊರಹರಿವು ಒಳಹರಿವಿಗಿಂತ ತುಸು ಕಡಿಮೆಯಾದರೂ ಮಟ್ಟ ಏರುತ್ತಲೇ ಹೋಗುತ್ತದೆ. ಒಬ್ಬ ಅಭಿವೃದ್ಧಿ ಅಧಿಕಾರಿಗೆ ಎರಡು ಪಂಚಾಯಿತಿಗಳ ಪ್ರಭಾರವಿದ್ದಲ್ಲಿ ಈ ಏರಿಕೆ ಇನ್ನೂ ತ್ವರಿತವಾಗಿರುತ್ತದೆ.

2. ಗಡುವಿನ ಎಣಿಕೆ

ಪತ್ರವನ್ನು ತೆರೆದು ಓದಿದ ದಿನದಿಂದ ಗಡುವು ಆರಂಭವಾಗುತ್ತದೆಂಬ ತಪ್ಪು ಕಲ್ಪನೆ ಕೆಲವೆಡೆ ಇದೆ. ಗಡುವಿನ ಎಣಿಕೆ ಪತ್ರ ತಲುಪಿದ ದಿನದಿಂದಲೇ ಆರಂಭವಾಗುತ್ತದೆ. ಸದಸ್ಯರು ನೆನಪಿಡಬೇಕಾದ ಕೆಲವು ಗಡುವುಗಳು ಹೀಗಿವೆ.

ಮಾಹಿತಿ ಹಕ್ಕು ಅಧಿನಿಯಮ, 2005ರ ಅನ್ವಯ ಮಾಹಿತಿ ಕೋರಿಕೆಗೆ 30 ದಿನಗಳೊಳಗೆ ಉತ್ತರ ನೀಡಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಗಳು. ಕೋರಿಕೆಯು ಬೇರೆ ಪ್ರಾಧಿಕಾರಕ್ಕೆ ಸಂಬಂಧಿಸಿದ್ದಾದರೆ ಐದು ದಿನಗಳೊಳಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು. ಸಕಾರಣವಿಲ್ಲದ ವಿಳಂಬಕ್ಕೆ ದಿನಕ್ಕೆ 250 ರೂಪಾಯಿಗಳಂತೆ, ಗರಿಷ್ಠ 25,000 ರೂಪಾಯಿಗಳವರೆಗೆ ದಂಡವಿದೆ. ವಿದ್ಯುನ್ಮಾನ ರೂಪದ ಕೋರಿಕೆಯನ್ನೂ ಕಾನೂನು ಒಪ್ಪುತ್ತದೆ. ‘ಮಾಹಿತಿ’ ಎಂಬ ಪದದ ವ್ಯಾಖ್ಯೆಯಲ್ಲಿಯೇ ಇ-ಮೇಲ್‌ಗಳು ಸೇರಿರುವುದರಿಂದ ಕಚೇರಿಯ ಇ-ಮೇಲ್ ಸಾರ್ವಜನಿಕ ದಾಖಲೆಯಾಗಿದೆ.

ಸಕಾಲ ಅಧಿನಿಯಮ, 2011ರ ಅಡಿಯಲ್ಲಿ ಅಧಿಸೂಚಿತ ಪ್ರತಿಯೊಂದು ಸೇವೆಗೂ ನಿಗದಿತ ದಿನಗಳಿವೆ. ಅರ್ಜಿದಾರರಿಗೆ 15 ಅಂಕಿಗಳ ಸ್ವೀಕೃತಿ ಸಂಖ್ಯೆ ದೊರೆಯಬೇಕು. ವಿಳಂಬವಾದಲ್ಲಿ ದಿನಕ್ಕೆ 20 ರೂಪಾಯಿಗಳಂತೆ, ಗರಿಷ್ಠ 500 ರೂಪಾಯಿಗಳ ಪರಿಹಾರಕ್ಕೆ ಅವರು ಅರ್ಹರು. ಮೊತ್ತ ಚಿಕ್ಕದು, ಆದರೆ ವಿಳಂಬವು ನಾಗರಿಕನಿಗಾದ ನಷ್ಟವೆಂದು ಕಾನೂನು ಒಪ್ಪಿಕೊಂಡಿರುವುದು ಮುಖ್ಯ.

ನಮ್ಮ ಮೂರು ತಾಲ್ಲೂಕುಗಳಲ್ಲಿ ವಿಶೇಷ ಗಮನ ಬೇಕಾದುದು ಅರಣ್ಯ ಹಕ್ಕು ಅಧಿನಿಯಮ, 2006ರ ಪತ್ರಗಳಿಗೆ. ಹಕ್ಕುಕೋರಿಕೆ ಸಲ್ಲಿಸುವ ಗ್ರಾಮಸಭೆಯನ್ನು ಕರೆಯುವುದು ಗ್ರಾಮ ಪಂಚಾಯಿತಿಯೇ. ಕೋರಿಕೆಯನ್ನು ತಿರಸ್ಕರಿಸಿದರೆ ಅಥವಾ ಮಾರ್ಪಡಿಸಿದರೆ ಹಕ್ಕುದಾರರಿಗೆ ಖುದ್ದು ತಿಳಿಸಬೇಕು; ಅವರು ಮೇಲಿನ ಸಮಿತಿಗೆ 60 ದಿನಗಳೊಳಗೆ ಮನವಿ ಸಲ್ಲಿಸಬಹುದು. ಉಪವಿಭಾಗ ಸಮಿತಿಯ ಪತ್ರವು ಇ-ಮೇಲ್ ಪೆಟ್ಟಿಗೆಯಲ್ಲಿ ಉಳಿದುಹೋದರೆ, ತನ್ನ ಕೋರಿಕೆ ತಿರಸ್ಕೃತವಾದ ಸಂಗತಿಯೇ ಆ ಕುಟುಂಬಕ್ಕೆ ಗೊತ್ತಾಗುವುದಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡ ಕುಟುಂಬಗಳ ಭೂಮಿಯ ಪ್ರಶ್ನೆಯೇ ಇಂದಿಗೂ ಪೂರ್ಣವಾಗಿ ಇತ್ಯರ್ಥವಾಗದಿರುವಾಗ, ಒಂದೊಂದು ಕಾಗದದ ಬೆಲೆ ಎಷ್ಟೆಂಬುದನ್ನು ಇಲ್ಲಿನ ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ಪತ್ರ ಕಳುಹಿಸುವಾಗ ವಿಳಾಸದ ಕಡೆಗೂ ಗಮನವಿರಲಿ. ಸಾಗರ ಮತ್ತು ಹೊಸನಗರ ತಾಲ್ಲೂಕುಗಳು ಸಾಗರ ಉಪವಿಭಾಗಕ್ಕೆ ಸೇರಿದರೆ, ತೀರ್ಥಹಳ್ಳಿ ತಾಲ್ಲೂಕು ಶಿವಮೊಗ್ಗ ಉಪವಿಭಾಗಕ್ಕೆ ಸೇರಿದೆ. ನೆರೆಯ ತಾಲ್ಲೂಕಿನ ಮಾದರಿ ಪತ್ರವನ್ನು ವಿಳಾಸ ಬದಲಿಸದೆ ಬಳಸಿದರೆ ಅದು ಬೇರೆ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗುತ್ತದೆ. ಹಿಂದಿರುಗಿ ಬರುವಷ್ಟರಲ್ಲಿ ಗಡುವು ಕಳೆದಿರುತ್ತದೆ.

3. ಶಿಸ್ತಿನ ಕ್ರಮ

‘ಶಿಸ್ತು’ ಎಂಬ ಪದಕ್ಕೆ ನಮ್ಮ ನೆಲದಲ್ಲಿ ವಿಶೇಷ ಅರ್ಥವಿದೆ. ಇಂದಿನ ಹೊಸನಗರ ತಾಲ್ಲೂಕಿನ ನಗರ, ಅಂದರೆ ಅಂದಿನ ಬಿದನೂರನ್ನು ರಾಜಧಾನಿಯಾಗಿ ಹೊಂದಿದ್ದ ಕೆಳದಿಯ ಶಿವಪ್ಪನಾಯಕನ (1645–1660) ಭೂಕಂದಾಯ ವ್ಯವಸ್ಥೆಗೆ ‘ಶಿವಪ್ಪನಾಯಕನ ಶಿಸ್ತು’ ಎಂದೇ ಹೆಸರು. ಮಾದರಿ ಹೊಲಗಳಲ್ಲಿ ಹನ್ನೆರಡು ವರ್ಷಗಳ ಕಾಲ ಸಾಗುವಳಿ ಮಾಡಿಸಿ, ಖರ್ಚು ಹಾಗೂ ಫಸಲನ್ನು ಬರೆದಿಟ್ಟು, ಅದರ ಸರಾಸರಿಯ ಮೇಲೆ ಕಂದಾಯ ನಿಗದಿಪಡಿಸಿದನೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಊಹೆಯಿಂದ ನಿರ್ಧರಿಸದೆ, ತಪ್ಪದೆ ಬರೆದಿಟ್ಟು ನಿರ್ಧರಿಸುವುದು ಅದರ ತಿರುಳು. ನಾವು ಇಂದಿಗೂ ಬಳಸುವ ‘ಕಡತ’ ಎಂಬ ಪದವೂ ಮಸಿ ಬಳಿದ ಬಟ್ಟೆಯನ್ನು ಮಡಿಸಿ ಬಳಪದಿಂದ ಬರೆಯುತ್ತಿದ್ದ ಹಳೆಯ ಲೆಕ್ಕದ ಪುಸ್ತಕದಿಂದ ಬಂದುದು. ಸಾಧನ ಬದಲಾಗಿದೆ, ಬರೆದಿಡುವ ಕ್ರಮ ಬದಲಾಗಬೇಕಿಲ್ಲ.

ಇ-ಮೇಲ್ ನಿರ್ವಹಣೆಗೆ ಕೆಳಗಿನ ಐದು ಅಂಶಗಳು ಸಾಕು.

ಮೊದಲನೆಯದು, ನಿಗದಿತ ವೇಳೆ. ದಿನಕ್ಕೆ ಎರಡು ಬಾರಿ, ಕಚೇರಿ ತೆರೆದ ಬಳಿಕ ಹಾಗೂ ಸಂಜೆ ನಾಲ್ಕಕ್ಕೆ, ಇ-ಮೇಲ್ ನೋಡಬೇಕು. ದಿನವಿಡೀ ನೋಡುತ್ತಿದ್ದರೆ ಎದುರು ನಿಂತ ಅರ್ಜಿದಾರರ ಕೆಲಸ ಕೆಡುತ್ತದೆ. ವಾರಕ್ಕೊಮ್ಮೆ ನೋಡಿದರೆ ಗಡುವು ಕೆಡುತ್ತದೆ.

ಎರಡನೆಯದು, ನಾಲ್ಕು ವಿಂಗಡಣೆ. ಪ್ರತಿಯೊಂದು ಪತ್ರವೂ ಇವುಗಳಲ್ಲಿ ಒಂದಕ್ಕೆ ಸೇರಬೇಕು: ಅಂದೇ ಮುಗಿಸಬಹುದಾದುದು, ಗಡುವುಳ್ಳ ನಾಗರಿಕರ ಅರ್ಜಿ, ಸಭೆಯ ಮುಂದೆ ಮಂಡಿಸಬೇಕಾದುದು, ಕೇವಲ ಮಾಹಿತಿಗಾಗಿ ಬಂದುದು. ಪತ್ರದ ಕೊನೆಯ ‘ಮಾಹಿತಿಗಾಗಿ’ ಮತ್ತು ‘ಅಗತ್ಯ ಕ್ರಮಕ್ಕಾಗಿ’ ಎಂಬ ಪದಗಳನ್ನು ಮೊದಲು ಓದಿದರೆ ಅರ್ಧ ವಿಂಗಡಣೆ ಅಲ್ಲಿಗೇ ಮುಗಿಯುತ್ತದೆ. ಇ-ಮೇಲ್‌ನಲ್ಲಿ ಇದೇ ನಾಲ್ಕು ಹೆಸರುಗಳ ಲೇಬಲ್‌ಗಳನ್ನು ಮಾಡಿಕೊಳ್ಳಬಹುದು.

ಮೂರನೆಯದು, ಒಂದೇ ಸ್ವೀಕೃತಿ ವಹಿ. ಯಾವ ಬಾಗಿಲಿನಿಂದ ಬಂದ ಪತ್ರವಾದರೂ ಅದೇ ವಹಿಯಲ್ಲಿ ದಾಖಲಾಗಬೇಕು. ಕ್ರಮಸಂಖ್ಯೆ, ಬಂದ ದಿನಾಂಕ, ಕಳುಹಿಸಿದವರು, ವಿಷಯ ಎಂಬ ವಾಡಿಕೆಯ ಕಲಮುಗಳೊಂದಿಗೆ ಇನ್ನೂ ಮೂರು ಅಗತ್ಯ: ಯಾರಿಗೆ ವಹಿಸಲಾಗಿದೆ, ಗಡುವು ಯಾವ ದಿನ, ವಿಲೇವಾರಿಯಾದ ದಿನ ಯಾವುದು. ‘ಕಚೇರಿಗೆ’ ವಹಿಸಿದ ಪತ್ರ ಯಾರಿಗೂ ವಹಿಸಿದಂತಾಗುವುದಿಲ್ಲ. ಕಾರ್ಯದರ್ಶಿ, ಲೆಕ್ಕ ಸಹಾಯಕರು, ಕರ ವಸೂಲಿಗಾರರು, ನೀರುಗಂಟಿ ಎಂದು ಹುದ್ದೆ ನಮೂದಿಸಬೇಕು.

ನಾಲ್ಕನೆಯದು, ಲಗತ್ತುಗಳಿಗೆ ಹೆಸರು. ‘ಸ್ಕ್ಯಾನ್ 001’ ಎಂಬ ಹೆಸರಿನ ನೂರು ಕಡತಗಳಿದ್ದರೆ ಬೇಕಾದುದು ಸಿಗುವುದಿಲ್ಲ. ವರ್ಷ, ತಿಂಗಳು, ದಿನ, ಕಚೇರಿ, ವಿಷಯ ಎಂಬ ಕ್ರಮದಲ್ಲಿ ಹೆಸರಿಡಬೇಕು; ‘2025-06-12 ತಾಲ್ಲೂಕು ಪಂಚಾಯಿತಿ ಕುಡಿಯುವ ನೀರು’ ಎಂಬುದು ಮಾದರಿ. ವರ್ಷವು ಮೊದಲಿದ್ದರೆ ಗಣಕಯಂತ್ರವೇ ಕಡತಗಳನ್ನು ಕಾಲಕ್ರಮದಲ್ಲಿ ಜೋಡಿಸುತ್ತದೆ.

ಐದನೆಯದು, ಹಿಂಬರಹ. ಅರ್ಜಿಯನ್ನು ಮಂಜೂರು ಮಾಡಲಾಗದಿದ್ದರೆ ಕಾರಣ ಸಹಿತ ಹಿಂಬರಹ ನೀಡುವುದೂ ವಿಲೇವಾರಿಯೇ. ವಿದ್ಯುತ್ ಕಂಬದ ದೂರು ಮೆಸ್ಕಾಂಗೆ ಸೇರಿದ್ದಾದರೆ ಅಲ್ಲಿಗೆ ಕಳುಹಿಸಿ, ಕಳುಹಿಸಿದ ಪ್ರತಿಯನ್ನು ಅರ್ಜಿದಾರರಿಗೂ ಕೊಡಬೇಕು. ಉತ್ತರವಿಲ್ಲದೆ ಕಾಯುವವನಿಗಿಂತ ‘ಆಗುವುದಿಲ್ಲ’ ಎಂಬ ಲಿಖಿತ ಉತ್ತರ ಪಡೆದವನ ಸ್ಥಿತಿ ಮೇಲು. ಅವನಿಗೆ ಮೇಲ್ಮನವಿಯ ದಾರಿ ತೆರೆದಿರುತ್ತದೆ.

ಈ ಕ್ರಮ ಪಾಲಿಸಿದರೆ ಸಂಜೆಯ ವೇಳೆಗೆ ಇನ್‌ಬಾಕ್ಸ್ ಖಾಲಿಯಾಗುತ್ತದೆ. ಇದರರ್ಥ ಎಲ್ಲ ಕೆಲಸ ಮುಗಿಯಿತೆಂದಲ್ಲ. ಪ್ರತಿ ಪತ್ರಕ್ಕೂ ಒಬ್ಬ ಹೊಣೆಗಾರ ಹಾಗೂ ಒಂದು ದಿನಾಂಕ ಗೊತ್ತಾಯಿತೆಂದು.

4. ಮಳೆಗಾಲ ಮತ್ತು ತುರ್ತು ಪತ್ರಗಳು

ಆಗುಂಬೆ, ಹುಲಿಕಲ್‌ಗಳಂತಹ ಅಧಿಕ ಮಳೆಯ ಪ್ರದೇಶಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ವಿದ್ಯುತ್ ಮತ್ತು ಅಂತರ್ಜಾಲ ಸಂಪರ್ಕ ಕಡಿತಗೊಳ್ಳುವುದು ಹೊಸತಲ್ಲ. ಸಂಪರ್ಕ ಇಲ್ಲದ ದಿನಗಳಲ್ಲಿ ಇ-ಮೇಲ್ ಯಾರು, ಎಲ್ಲಿ ನೋಡಬೇಕೆಂಬುದನ್ನು ಮೇ ತಿಂಗಳ ಸಭೆಯಲ್ಲಿಯೇ ನಿರ್ಧರಿಸುವುದು ಒಳಿತು. ತಾಲ್ಲೂಕು ಕೇಂದ್ರಕ್ಕೆ ಹೋಗುವ ಸಿಬ್ಬಂದಿಯು ಅಲ್ಲಿ ಪತ್ರಗಳನ್ನು ಮುದ್ರಿಸಿ ತರುವುದು, ಅತಿ ತುರ್ತಿನ ಸಂಗತಿಯನ್ನು ದೂರವಾಣಿಯಲ್ಲಿ ತಿಳಿಸುವುದು ಸಾಧ್ಯವಿರುವ ಮಾರ್ಗಗಳು. ಸಂಪರ್ಕ ಮರಳಿದ ದಿನ, ಹಿಂದಿನ ದಿನಗಳ ಪತ್ರಗಳಲ್ಲಿ ಮೊದಲು ನಾಗರಿಕರ ಅರ್ಜಿಗಳನ್ನು ತೆಗೆಯಬೇಕು.

ಬೇಸಿಗೆಯ ತುರ್ತು ಬೇರೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ. 2018ರ ಡಿಸೆಂಬರ್‌ನಿಂದ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಹರಡಿ ಜೀವಹಾನಿಯಾದುದು ಎಲ್ಲರ ನೆನಪಿನಲ್ಲಿದೆ. ಮಂಗ ಸತ್ತಿರುವ ಸ್ಥಳದ ಮಾಹಿತಿ, ಕಾಡಿಗೆ ಹೋಗುವವರಿಗೆ ಎಚ್ಚರಿಕೆ, ಉಣ್ಣೆ ನಿವಾರಕ ತೈಲದ ವಿತರಣೆ ಕುರಿತ ಆರೋಗ್ಯ ಇಲಾಖೆಯ ಪತ್ರಗಳು ಗಂಟೆಗಳ ಲೆಕ್ಕದಲ್ಲಿ ಜನರನ್ನು ತಲುಪಬೇಕು. ನಾಳಿನ ಟಪಾಲಿಗೆ ಕಾಯುವಂತಿಲ್ಲ. ಆದುದರಿಂದ ಆರೋಗ್ಯ ಇಲಾಖೆ, ತಹಶೀಲ್ದಾರರ ಕಚೇರಿ ಹಾಗೂ ಅರಣ್ಯ ಇಲಾಖೆಯ ವಿಳಾಸಗಳಿಂದ ಬರುವ ಪತ್ರಗಳು ತಾವಾಗಿಯೇ ‘ತುರ್ತು’ ಲೇಬಲ್‌ಗೆ ಸೇರುವಂತೆ ಇ-ಮೇಲ್‌ನಲ್ಲಿ ಫಿಲ್ಟರ್ ರಚಿಸಬೇಕು. ಅದೇ ರೀತಿ, ತಮ್ಮ ವಾರ್ಡಿನಲ್ಲಿ ಮಂಗ ಸತ್ತ ಸುದ್ದಿ ಬಂದರೆ ಸದಸ್ಯರು ಯಾರನ್ನೂ ಅದರ ಬಳಿ ಹೋಗಗೊಡದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ಕರೆ ಮಾಡಿ, ಬಳಿಕ ಪಂಚಾಯಿತಿಯ ಸ್ವೀಕೃತಿ ವಹಿಯಲ್ಲಿ ದಾಖಲಿಸುವುದು ಸೂಕ್ತ.

5. ಪಾಸ್‌ವರ್ಡ್, ಹಸ್ತಾಂತರ, ಸ್ಥಳಾವಕಾಶ

ಕಚೇರಿಯ ಇ-ಮೇಲ್ ಖಾತೆ ಪಂಚಾಯಿತಿಯದು, ವ್ಯಕ್ತಿಯದಲ್ಲ. ಖಾತೆಗೆ ಜೋಡಿಸಿದ ದೂರವಾಣಿ ಸಂಖ್ಯೆ ವರ್ಗಾವಣೆಗೊಂಡ ಅಧಿಕಾರಿಯದ್ದೋ ಕೆಲಸ ಬಿಟ್ಟ ಆಪರೇಟರ್‌ರದ್ದೋ ಆಗಿದ್ದರೆ, ಪಾಸ್‌ವರ್ಡ್ ಮರೆತ ದಿನ ಕಚೇರಿಯು ತನ್ನದೇ ಖಾತೆಯಿಂದ ಹೊರಗುಳಿಯುತ್ತದೆ. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ನಗದು ಪುಸ್ತಕ, ಕಡತಗಳ ಜೊತೆಗೆ ಇ-ಮೇಲ್ ಖಾತೆ ಹಾಗೂ ಬಾಕಿ ಪತ್ರಗಳ ಪಟ್ಟಿಯೂ ಸೇರಬೇಕು.

ಉಚಿತ ಜಿಮೇಲ್ ಖಾತೆಗೆ ದೊರೆಯುವ ಸ್ಥಳ 15 ಜಿಬಿ. ಛಾಯಾಚಿತ್ರಗಳು ಹಾಗೂ ಡ್ರೈವ್‌ನ ಕಡತಗಳೂ ಇದರಲ್ಲಿಯೇ ಸೇರುತ್ತವೆ. ಕಾಮಗಾರಿಗಳ ಛಾಯಾಚಿತ್ರಗಳು ಮೊಬೈಲ್‌ನಿಂದ ಇದೇ ಖಾತೆಗೆ ಹೋಗುವಂತಿದ್ದರೆ ಸ್ಥಳ ಬೇಗ ತುಂಬುತ್ತದೆ. ತುಂಬಿದ ಬಳಿಕ ಹೊಸ ಪತ್ರಗಳು ಬರುವುದೇ ಇಲ್ಲ, ಕಳುಹಿಸಿದವರಿಗೆ ಹಿಂದಿರುಗುತ್ತವೆ. ಸ್ಪ್ಯಾಮ್ ವಿಭಾಗಕ್ಕೆ ಹೋದ ಪತ್ರಗಳು 30 ದಿನಗಳ ನಂತರ ತಾವಾಗಿಯೇ ಅಳಿಸಿಹೋಗುವುದರಿಂದ ವಾರಕ್ಕೊಮ್ಮೆ ಅದನ್ನೂ ನೋಡಬೇಕು. ಮೇಲಧಿಕಾರಿಗಳ ಹೆಸರಿನಲ್ಲಿ ಒಟಿಪಿ ಅಥವಾ ಬ್ಯಾಂಕ್ ವಿವರ ಕೇಳುವ ಪತ್ರಗಳಿಗೆ ಉತ್ತರಿಸದೆ ದೂರವಾಣಿಯಲ್ಲಿ ದೃಢಪಡಿಸಿಕೊಳ್ಳಬೇಕು. ಹಣ ಕಳೆದುಕೊಂಡಲ್ಲಿ ಸೈಬರ್ ಸಹಾಯವಾಣಿ 1930ಕ್ಕೆ ತಡಮಾಡದೆ ದೂರು ನೀಡಬೇಕು. ಅಧ್ಯಕ್ಷರು ತಮ್ಮ ಡಿಜಿಟಲ್ ಸಹಿಯ ಸಾಧನವನ್ನು ತಮ್ಮ ವಶದಲ್ಲಿಯೇ ಇಟ್ಟುಕೊಳ್ಳುವುದು ಇದೇ ಎಚ್ಚರಿಕೆಯ ಭಾಗ.

6. ಹಳೆಯ ರಾಶಿಯ ವಿಲೇವಾರಿ

ಸಾವಿರಾರು ಪತ್ರಗಳು ಈಗಾಗಲೇ ಉಳಿದಿದ್ದರೆ ಮೊದಲಿನಿಂದ ಒಂದೊಂದಾಗಿ ತೆರೆಯಲು ಹೊರಟವರು ಮೂರನೆಯ ದಿನಕ್ಕೆ ಕೈಚೆಲ್ಲುತ್ತಾರೆ. ಎಲ್ಲವನ್ನೂ ಅಳಿಸುವುದು ಅದಕ್ಕಿಂತ ಕೆಟ್ಟದು. ಅವು ಸಾರ್ವಜನಿಕ ದಾಖಲೆಗಳು. ಸರಿಯಾದ ಕ್ರಮ ಹೀಗಿದೆ: ಒಂದು ದಿನಾಂಕ ನಿಗದಿಪಡಿಸಿ, ಅಂದಿನಿಂದ ಬರುವ ಪತ್ರಗಳಿಗೆ ಹೊಸ ಕ್ರಮವನ್ನು ತಪ್ಪದೆ ಪಾಲಿಸುವುದು. ಹಳೆಯವನ್ನೆಲ್ಲ ‘ಹಳೆಯ ಬಾಕಿ’ ಎಂಬ ಲೇಬಲ್‌ಗೆ ಸೇರಿಸುವುದು. ಅದರಲ್ಲಿ ‘ಅರ್ಜಿ’, ‘ಮಾಹಿತಿ ಹಕ್ಕು’, ‘ಅರಣ್ಯ ಹಕ್ಕು’, ‘ನ್ಯಾಯಾಲಯ’, ‘ನೆನಪೋಲೆ’ ಎಂಬ ಪದಗಳಿಂದ ಹುಡುಕಿ, ಸಿಕ್ಕವುಗಳನ್ನು ಮೊದಲು ವಹಿಗೆ ಏರಿಸುವುದು. ಉಳಿದವನ್ನು ದಿನಕ್ಕೆ ಅರ್ಧ ಗಂಟೆಯಂತೆ ನೋಡುವುದು. ಹುಡುಕುವಾಗ ಕನ್ನಡ ಮತ್ತು ಇಂಗ್ಲಿಷ್ ಎರಡೂ ಲಿಪಿಗಳಲ್ಲಿ ಪದ ಕೊಡಬೇಕು. ಸ್ಕ್ಯಾನ್ ಮಾಡಿ ಲಗತ್ತಿಸಿದ ಅರ್ಜಿಯ ಒಳಗಿನ ಪದ ಹುಡುಕಾಟಕ್ಕೆ ಸಿಗದಿರಬಹುದಾದುದರಿಂದ ಲಗತ್ತುಳ್ಳ ಪತ್ರಗಳನ್ನು ಪ್ರತ್ಯೇಕವಾಗಿ ತೆರೆದು ನೋಡಬೇಕು.

7. ಸಭೆಯಲ್ಲಿ ಸದಸ್ಯರು ಕೇಳಬೇಕಾದುದು

ಪ್ರತಿ ತಿಂಗಳ ಸಾಮಾನ್ಯ ಸಭೆಯಲ್ಲಿ ‘ಪತ್ರಗಳ ಬಾಕಿ ತಃಖ್ತೆ’ ಎಂಬ ವಿಷಯವನ್ನು ಕಾರ್ಯಸೂಚಿಗೆ ಸೇರಿಸುವಂತೆ ಸದಸ್ಯರು ಕೋರಬಹುದು. ತಃಖ್ತೆಯ ಮಾದರಿ, ಕಾಲ್ಪನಿಕ ಅಂಕಿಗಳೊಂದಿಗೆ, ಹೀಗಿದೆ: ತಿಂಗಳ ಆರಂಭದ ಬಾಕಿ 62, ಕ್ರಮಕ್ಕಾಗಿ ಬಂದವು 310, ವಿಲೇವಾರಿಯಾದವು 298, ತಿಂಗಳ ಕೊನೆಯ ಬಾಕಿ 74, ಇವುಗಳಲ್ಲಿ ಗಡುವು ಮೀರಿದವು 5, ಅತ್ಯಂತ ಹಳೆಯ ಪತ್ರದ ವಯಸ್ಸು 96 ದಿನ.

ಬಾಕಿಯು 12ರಷ್ಟು ಏರಿರುವುದು ಇಲ್ಲಿ ಮೊದಲು ಕಣ್ಣಿಗೆ ಬೀಳುತ್ತದೆ. ಆದರೆ ಮೊದಲು ಕೇಳಬೇಕಾದುದು ಗಡುವು ಮೀರಿದ ಐದರ ಬಗ್ಗೆ ಹಾಗೂ 96 ದಿನಗಳ ಆ ಒಂದು ಪತ್ರದ ಬಗ್ಗೆ. ಎಣಿಕೆಯಲ್ಲಿ ಎರಡು ಸಾಲಿನ ಉತ್ತರ ಸಾಕಾಗುವ ಸುತ್ತೋಲೆಯೂ ಒಂದು, ಸ್ಥಳ ತನಿಖೆ ಬೇಕಾದ ಇ-ಸ್ವತ್ತಿನ ಅರ್ಜಿಯೂ ಒಂದು. ಸುಲಭವಾದವನ್ನು ಮುಗಿಸಿ ಶೇಕಡಾವಾರು ಸಾಧನೆ ತೋರಿಸುವುದು ಕಷ್ಟವಲ್ಲ. ಆದುದರಿಂದ ತಃಖ್ತೆಯನ್ನು ಕಚೇರಿಗಳ ಪತ್ರಗಳು ಮತ್ತು ನಾಗರಿಕರ ಅರ್ಜಿಗಳು ಎಂದು ಎರಡಾಗಿ ಮಾಡಿಸುವುದು ಅತ್ಯಗತ್ಯ.

ಸದಸ್ಯರು ಮಾಡಬೇಕಾದ ಇನ್ನೂ ಎರಡು ಕಾರ್ಯಗಳಿವೆ. ಜನರು ತಮ್ಮ ಕೈಗೆ ಕೊಟ್ಟ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಳ್ಳದೆ ಕಚೇರಿಗೆ ತಲುಪಿಸಿ, ಸ್ವೀಕೃತಿ ಸಂಖ್ಯೆಯನ್ನು ಅವರಿಗೆ ಮುಟ್ಟಿಸುವುದು. ದೂರುಗಳನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿ ಸುಮ್ಮನಾಗದೆ ವಹಿಯಲ್ಲಿ ದಾಖಲಿಸುವುದು. ಗುಂಪಿನ ಸಂದೇಶ ಮೇಲೆ ಸರಿದುಹೋಗುತ್ತದೆ. ವಹಿಯ ಸಾಲು ಉಳಿಯುತ್ತದೆ. ಪಾಸ್‌ವರ್ಡ್ ಕೇಳುವುದಾಗಲಿ, ಇಂತಹವರ ಅರ್ಜಿಯನ್ನು ಮುಂದಕ್ಕೆ ತೆಗೆಯಿರಿ, ಇಂತಹವರದನ್ನು ಹಿಂದಿಡಿ ಎಂದು ಹೇಳುವುದಾಗಲಿ ಸದಸ್ಯರ ಪಾತ್ರವಲ್ಲ. ಸರದಿಯನ್ನು ಕಾಯುವುದೇ ಸದಸ್ಯರ ಬಲ.

ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದ ಜನ 2025ರ ಜುಲೈನಲ್ಲಿ ಸೇತುವೆ ಸಂಚಾರಕ್ಕೆ ತೆರೆಯುವವರೆಗೂ ಸಾಗರಕ್ಕೆ ಬರಲು ಲಾಂಚ್‌ಗೆ ಕಾಯಬೇಕಿತ್ತು. ಇಂದಿಗೂ ಅನೇಕ ಮಜರೆಗಳಿಂದ ಪಂಚಾಯಿತಿ ಕಚೇರಿಗೆ ಬಂದುಹೋಗಲು ಒಂದು ದಿನದ ಕೂಲಿ ಬಿಡಬೇಕು. ಅಂತಹವರಿಗೆ ‘ನಾಳೆ ಬನ್ನಿ’ ಎನ್ನುವ ಬದಲು ವಹಿಯನ್ನು ತೆರೆದು ‘ನಿಮ್ಮ ಅರ್ಜಿ ಇಂತಹವರ ಬಳಿ ಇದೆ, ಇಂತಹ ದಿನ ಮುಗಿಯುತ್ತದೆ’ ಎಂದು ಹೇಳುವಂತಾದರೆ ಈ ಪಾಠದ ಉದ್ದೇಶ ಈಡೇರಿದಂತೆ.

ಅಭ್ಯಾಸ

ಮುಂದಿನ ಸಭೆಗೆ ಮುನ್ನ ಸದಸ್ಯರು ಕೆಳಗಿನ ಪ್ರಶ್ನೆಗಳಿಗೆ ತಮ್ಮ ಪಂಚಾಯಿತಿಯಲ್ಲಿ ಉತ್ತರ ಕಂಡುಕೊಳ್ಳಬೇಕೆಂದು ಕೋರಲಾಗಿದೆ.

1) ಇಂದು ಇ-ಮೇಲ್‌ನಲ್ಲಿ ತೆರೆಯದ ಪತ್ರಗಳೆಷ್ಟು? ಅವುಗಳಲ್ಲಿ ನಾಗರಿಕರ ಅರ್ಜಿಗಳೆಷ್ಟು?
2) ಇ-ಮೇಲ್ ಮತ್ತು ವಾಟ್ಸ್ಆ್ಯಪ್‌ನಲ್ಲಿ ಬಂದ ಪತ್ರಗಳು ಸ್ವೀಕೃತಿ ವಹಿಯಲ್ಲಿ ದಾಖಲಾಗುತ್ತಿವೆಯೇ?
3) ಖಾತೆಗೆ ಜೋಡಿಸಿದ ದೂರವಾಣಿ ಸಂಖ್ಯೆ ಯಾರದು? ಅವರು ಈಗ ಅದೇ ಕಚೇರಿಯಲ್ಲಿದ್ದಾರೆಯೇ?
4) ಆಪರೇಟರ್ ರಜೆಯಲ್ಲಿದ್ದಾಗ ಅಥವಾ ಸಂಪರ್ಕ ಕಡಿತಗೊಂಡಾಗ ಇ-ಮೇಲ್ ನೋಡುವವರು ಯಾರು?
5) ಬಾಕಿ ಇರುವ ಅರ್ಜಿಗಳಲ್ಲಿ ಅತ್ಯಂತ ಹಳೆಯದು ಯಾರದು, ಎಷ್ಟು ದಿನಗಳದು? ಆ ಅರ್ಜಿದಾರರಿಗೆ ಇದುವರೆಗೆ ಲಿಖಿತ ಉತ್ತರವೇನಾದರೂ ತಲುಪಿದೆಯೇ?

ಐದನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ದಿನವೇ ಆ ಒಂದು ಅರ್ಜಿಯನ್ನು ವಿಲೇವಾರಿಗೆ ತೆಗೆದುಕೊಳ್ಳಬಹುದು. ಕೆಲಸವನ್ನು ಅಲ್ಲಿಂದಲೇ ಆರಂಭಿಸುವುದು ಸೂಕ್ತ.